ಕೂದಲಿನ ಚಿಂತೆ ಆಮೇಲೆ, ಮೊದಲು ಆ ವಾಂತಿ ನಿಲ್ಲಲಿ

ಪ್ರಶ್ನೆ: ಡಾಕ್ಟ್ರೇ, ನನಗೆ 36 ವರ್ಷ. ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ ಟೀಚರ್ ಆಗಿದ್ದೇನೆ. 112 ಕೆಜಿ ತೂಕ, ಬಿಪಿ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಎಲ್ಲಾ ಇದ್ದಿದ್ದರಿಂದ ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಈಗ 90 ಕೆಜಿ. ಮೊದಲೆರಡು ತಿಂಗಳು ಚೆನ್ನಾಗಿತ್ತು. ಈಗ ಕೂದಲು ವಿಪರೀತ ಉದುರುತ್ತಿದೆ. ತಲೆಗೆ ನೀರು ಹಾಕಿಕೊಂಡರೆ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತೆ, ನೆತ್ತಿ ಕಾಣೋಕೆ ಶುರುವಾಗಿದೆ. ಈರುಳ್ಳಿ ರಸ ಹಚ್ಚಿದ್ದಾಯ್ತು, ಬಯೋಟಿನ್ ಮಾತ್ರೆ ನುಂಗಿದ್ದಾಯ್ತು. ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತೆ ಅಂತ ಒಬ್ಬರು ಹೇಳಿದರು. ಮೂರು ವಾರದಿಂದ ತೂಕ ನಿಂತಲ್ಲೇ ನಿಂತಿದೆ. ಬಿಸಿಲಲ್ಲೂ ಚಳಿ. ಎದ್ದು ನಿಂತರೆ ತಲೆ ಸುತ್ತು. ಸುಮ್ಮಸುಮ್ಮನೆ ಅಳು ಬರುತ್ತೆ. ನಮ್ಮತ್ತೆ ‘ದುಡ್ಡು ಕೊಟ್ಟು ಇಲ್ಲದ ಕಾಯಿಲೆ ತಂದ್ಕೊಂಡೆ’ ಅಂತಾರೆ. ಮುದ್ದೆ ತಿಂದರೆ ವಾಂತಿಯಾಗುತ್ತೆ, ಟೀ ಜೊತೆ ರಸ್ಕು, ಬಿಸ್ಕತ್ತು ಮಾತ್ರ ಸೇರುತ್ತೆ. ಸುಸ್ತಿಗೆ ಇಲ್ಲೇ ಕ್ಲಿನಿಕ್‌ನಲ್ಲಿ ಎರಡು ಸಲ ಗ್ಲೂಕೋಸ್ ಬಾಟಲಿ ಹಾಕಿದರು. ರಾತ್ರಿ ಪಾದ ಉರಿಯುತ್ತೆ, ಅದು ಬಿಸಿಲಿಗೆ ಇರಬಹುದು. ನನ್ನ ಕೂದಲು ವಾಪಸ್ ಬರುತ್ತಾ? ಈ ಆಪರೇಷನ್ನನ್ನು ಮೊದಲಿನಂತೆ ಮಾಡಿಸೋಕೆ ಆಗುತ್ತಾ?

ಉತ್ತರ: ಕೂದಲು ವಾಪಸ್ ಬರುತ್ತೆ. ಆಪರೇಷನ್ ಮೊದಲಿನಂತೆ ಮಾಡೋಕೆ ಆಗೋದಿಲ್ಲ. ಎರಡರ ಬಗ್ಗೆಯೂ ಮುಂದೆ ಬರೆಯುತ್ತೇನೆ. ಆದರೆ ನಿಮ್ಮ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಮೂರು ಸಾಲು. ವಾಂತಿ, ಗ್ಲೂಕೋಸ್ ಬಾಟಲಿ, ಪಾದದ ಉರಿ. ಪಾದದ ಉರಿಯನ್ನು ನೀವು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೀರಿ. ನಾನು ಹಾಕೋದಿಲ್ಲ. ಈ ಮೂರೂ ಒಟ್ಟಿಗೆ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ವಿಟಮಿನ್ ಬಿ1, ಅಂದರೆ ಥಯಾಮಿನ್ ಕೊರತೆ. ಇದನ್ನು ಓದಿದ ದಿನವೇ ಹೋಗಿ ತೋರಿಸಿಕೊಳ್ಳಿ. ನಾಳೆ ಸ್ಕೂಲ್ ಇನ್‌ಸ್ಪೆಕ್ಷನ್ ಇದ್ದರೂ ಸರಿ.

ಯಾಕೆ ಇಷ್ಟು ಅವಸರ ಅಂತ ಹೇಳುತ್ತೇನೆ. ನಮ್ಮ ದೇಹ ಥಯಾಮಿನ್ನನ್ನು ಜಾಸ್ತಿ ದಿನ ಕೂಡಿಟ್ಟುಕೊಳ್ಳೋದಿಲ್ಲ. ಎರಡು ಮೂರು ವಾರ ಊಟ ಸರಿಯಾಗಿ ಸೇರದಿದ್ದರೆ ದಾಸ್ತಾನು ಮುಗಿಯುತ್ತೆ. ನೀವು ಬೇರೆ ಮೈದಾ, ಸಕ್ಕರೆಯ ಮೇಲೆ ಇದ್ದೀರಿ. ರಸ್ಕು, ಬಿಸ್ಕತ್ತಿನಲ್ಲಿ ಥಯಾಮಿನ್ ಇರೋದೇ ಕಡಿಮೆ. ಅವನ್ನು ಅರಗಿಸಿ ಶಕ್ತಿ ಮಾಡಿಕೊಳ್ಳೋಕೆ ಮಾತ್ರ ಥಯಾಮಿನ್ ಬೇಕೇ ಬೇಕು. ಅಂಥ ಹೊತ್ತಿನಲ್ಲಿ ಬರೀ ಗ್ಲೂಕೋಸ್ ಏರಿಸೋದು ಅಂದರೆ ಒಲೆಗೆ ಇನ್ನಷ್ಟು ಸೌದೆ ತುರುಕಿ, ಉಳಿದಿದ್ದ ಒಂದೆರಡು ಬೆಂಕಿಕಡ್ಡಿಯನ್ನೂ ಗೀರಿ ಮುಗಿಸಿದ ಹಾಗೆ. ಬಾಟಲಿ ಹಾಕಿಸಿಕೊಂಡ ದಿನ ಚೆನ್ನಾಗಿದೆ ಅನ್ನಿಸಬಹುದು, ಯಾಕೆಂದರೆ ಮೈಗೆ ನೀರು ಸಿಕ್ಕಿರುತ್ತೆ. ಒಳಗೆ ಕೊರತೆ ಇನ್ನೂ ಹೆಚ್ಚಾಗಿರುತ್ತೆ.

ಈ ಕೊರತೆ ಅನೇಕರಲ್ಲಿ ಕಾಲಿನ ನರದಿಂದ ಶುರುವಾಗುತ್ತೆ. ಪಾದ ಉರಿ, ಜೋಮು, ಮೆಟ್ಟಿಲು ಹತ್ತುವಾಗ ಕಾಲಿನಲ್ಲಿ ಬಲ ಇಲ್ಲದ ಹಾಗೆ ಆಗೋದು. ಬಿಟ್ಟರೆ ಮಿದುಳಿಗೆ ಹೋಗುತ್ತೆ. ಒಂದು ವಸ್ತು ಎರಡಾಗಿ ಕಾಣೋದು, ಕಣ್ಣುಗುಡ್ಡೆ ತಾನಾಗಿ ಅದುರೋದು, ನಡೆಯುವಾಗ ಓಲಾಡೋದು, ಮಾತಿನಲ್ಲಿ ಗೊಂದಲ, ನೆನಪು ಕೈಕೊಡೋದು. ಇದಕ್ಕೆ ವರ್ನಿಕೆ ಅನ್ನುವ ಹೆಸರಿದೆ. ಆ ಹಂತಕ್ಕೆ ಹೋದವರಲ್ಲಿ ಕೆಲವರಿಗೆ ನೆನಪು ಪೂರ್ತಿ ವಾಪಸ್ ಬರೋದಿಲ್ಲ. ನಿಮ್ಮನ್ನು ಹೆದರಿಸೋಕೆ ಇದನ್ನು ಬರೆದಿಲ್ಲ. ಶುರುವಿನಲ್ಲೇ ಹಿಡಿದರೆ ಇದರಷ್ಟು ಸುಲಭವಾಗಿ, ಕಡಿಮೆ ಖರ್ಚಿನಲ್ಲಿ ಸರಿಹೋಗುವ ತೊಂದರೆ ಕಡಿಮೆ. ಕೆಲವು ಇಂಜೆಕ್ಷನ್ನಿನ ಮಾತು.

ಅದಕ್ಕೆ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಚಿಂತಾಮಣಿಯಲ್ಲೋ ಚಿಕ್ಕಬಳ್ಳಾಪುರದಲ್ಲೋ ಯಾವ ಫಿಜಿಶಿಯನ್ ಬೇಕಾದರೂ ಕೊಡಬಹುದು. ನೀವು ಅವರಿಗೆ ಹೇಳಬೇಕಾದದ್ದು ಇಷ್ಟು: ‘ನನಗೆ ಸ್ಲೀವ್ ಆಪರೇಷನ್ ಆಗಿದೆ, ವಾಂತಿ ಆಗುತ್ತಿದೆ, ಪಾದ ಉರಿ. ಗ್ಲೂಕೋಸ್ ಹಾಕೋದಕ್ಕೆ ಮುಂಚೆ ಥಯಾಮಿನ್ ಕೊಡಿ.’ ಡ್ರಿಪ್ ಬೇಕೇ ಬೇಕಾದರೆ ಗ್ಲೂಕೋಸ್ ಬದಲು ಸಲೈನ್, ಅಂದರೆ ಬರೀ ಉಪ್ಪುನೀರಿನ ಬಾಟಲಿ, ಹಾಕಬಹುದು. ಡೋಸ್ ಎಷ್ಟು, ಎಷ್ಟು ದಿನ ಅನ್ನೋದನ್ನು ಅವರು ನಿಮ್ಮನ್ನು ನೋಡಿ ತೀರ್ಮಾನ ಮಾಡುತ್ತಾರೆ. ರಕ್ತದಲ್ಲಿ ಥಯಾಮಿನ್ ಎಷ್ಟಿದೆ ಅಂತ ನೋಡುವ ಟೆಸ್ಟ್ ಎಲ್ಲಾ ಕಡೆ ಇಲ್ಲ, ರಿಪೋರ್ಟ್ ಬರೋಕೂ ದಿನ ಹಿಡಿಯುತ್ತೆ. ಅದಕ್ಕೆ ಕಾಯಬಾರದು. ಕೊರತೆ ಇಲ್ಲದಿದ್ದರೂ ಈ ಇಂಜೆಕ್ಷನ್ನಿನಿಂದ ಆಗುವ ತೊಂದರೆ ಬಹಳ ಅಪರೂಪ. ಕೊರತೆ ಇದ್ದು ಕೊಡದಿದ್ದರೆ ಆಗುವ ನಷ್ಟ ದೊಡ್ಡದು.

ಇನ್ನೊಂದು ಗೊಂದಲ ನಮ್ಮ ಕಡೆ ಬಹಳ ನೋಡುತ್ತೇನೆ. ‘ನರದ ಇಂಜೆಕ್ಷನ್ ಹಾಕಿಸಿಕೊಂಡಿದ್ದೀನಿ ಸಾರ್’ ಅಂತಾರೆ. ಚೀಟಿ ನೋಡಿದರೆ ಅದು ಬರೀ ಬಿ12 ಆಗಿರುತ್ತೆ. ಬಿ12 ಬೇಕು, ಸರಿ. ಆದರೆ ಅದು ಬಿ1ರ ಕೆಲಸ ಮಾಡೋದಿಲ್ಲ. ಬಿ12 ದೇಹದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತೆ. ಮೊದಲೇ ಕಡಿಮೆ ಇದ್ದವರನ್ನು ಬಿಟ್ಟರೆ ನಾಲ್ಕನೇ ತಿಂಗಳಿಗೇ ಕಾಲು ಉರಿಸುವುದು ಕಡಿಮೆ. ಹಾಗೇ ಬೆಳಗ್ಗೆ ಮಲ್ಟಿವಿಟಮಿನ್ ನುಂಗಿ ಅರ್ಧ ಗಂಟೆಗೆ ವಾಂತಿ ಮಾಡಿಕೊಂಡರೆ ಆ ಮಾತ್ರೆ ತಗೊಂಡ ಲೆಕ್ಕಕ್ಕೆ ಬರೋದಿಲ್ಲ.

ಇಂಜೆಕ್ಷನ್ ಆಯ್ತು. ಈಗ ವಾಂತಿ ಯಾಕೆ ಆಗುತ್ತಿದೆ ಅನ್ನೋದು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮುದ್ದೆಯನ್ನು ಯಾರೂ ಅಗಿಯೋದಿಲ್ಲ. ಮುರಿದು, ಉರುಟಿ, ಸಾರಿನಲ್ಲಿ ಅದ್ದಿ ನುಂಗೋದು. ಚಿಕ್ಕಂದಿನಿಂದ ಹಾಗೇ ಕಲಿತಿರುತ್ತೇವೆ. ಬೆಂಗಳೂರಿನ ಡಯಟ್ ಚಾರ್ಟಿನಲ್ಲಿ ‘ಚೆನ್ನಾಗಿ ಅಗಿದು ತಿನ್ನಿ’ ಅಂತ ಬರೆದಿರುತ್ತೆ, ಆದರೆ ಮುದ್ದೆ ಮುಂದೆ ಬಂದಾಗ ಆ ಮಾತು ಯಾರಿಗೂ ನೆನಪಾಗೋದಿಲ್ಲ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆದು, ಬಾಳೆಹಣ್ಣಿನ ಗಾತ್ರದ ಒಂದು ಕೊಳವೆ ಉಳಿಸಿರುತ್ತಾರೆ. ಅದಕ್ಕೆ ಹಿಡಿಯೋದು ಸುಮಾರು 100ರಿಂದ 150 ಎಂಎಲ್. ಅಂಟಂಟಾದ ರಾಗಿ ತುತ್ತು ಅಲ್ಲಿ ಕೂತರೆ ಇಳಿಯೋದಿಲ್ಲ. ಎದೆ ನಡುವೆ ಒತ್ತಿದ ಹಾಗೆ ಆಗುತ್ತೆ, ಬಾಯಿ ತುಂಬಾ ಬಿಳಿ ನೊರೆ ಬರುತ್ತೆ, ಆಮೇಲೆ ತಿಂದಿದ್ದು ಹುಳಿಯೂ ಆಗದೆ ಹಾಗೇ ವಾಪಸ್. ನಿಮಗೂ ಹೀಗೇ ಆಗುತ್ತಿದ್ದರೆ ಅದು ತುತ್ತಿನ ತೊಂದರೆ ಇರಬಹುದು. ಮುದ್ದೆಯನ್ನು ಎರಡು ತಿಂಗಳು ಪಕ್ಕಕ್ಕಿಡಿ. ಆಮೇಲೆ ಬೇಕಾದರೆ ಮೆತ್ತಗೆ ಮಾಡಿ, ಸಣ್ಣ ಚಮಚದಲ್ಲಿ, ಅಗಿದು. ನುಂಗುವ ಮುದ್ದೆಯ ಕಾಲ ಮುಗಿಯಿತು ಅಂತಲೇ ಇಟ್ಟುಕೊಳ್ಳಿ.

ಊಟ ಇಪ್ಪತ್ತು ಮೂವತ್ತು ನಿಮಿಷ ಹಿಡಿಯಲಿ. ತಿನ್ನುವಾಗ ನೀರು ಬೇಡ, ತಿಂದ ಅರ್ಧ ಗಂಟೆ ಆದಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ಹೊಟ್ಟೆ ತುಂಬಿದ ಸೂಚನೆಯೂ ಮೊದಲಿನ ಹಾಗೆ ಇರೋದಿಲ್ಲ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಇದ್ದಕ್ಕಿದ್ದಂತೆ ಮೂಗು ಸುರಿಯುತ್ತೆ. ನೆಗಡಿ ಅಂದುಕೊಂಡು ಇನ್ನೊಂದು ತುತ್ತು ಹಾಕಿಕೊಳ್ಳುತ್ತಾರೆ, ಅದೇ ಹೊರಗೆ ಬರುತ್ತೆ.

ಮುದ್ದೆ ಬಿಟ್ಟು, ನಿಧಾನವಾಗಿ ತಿಂದೂ ನಾಲ್ಕೈದು ದಿನದಲ್ಲಿ ವಾಂತಿ ನಿಲ್ಲದಿದ್ದರೆ ಆಪರೇಷನ್ ಮಾಡಿದ ಸರ್ಜನ್ ಹತ್ತಿರ ಹೋಗಲೇಬೇಕು. ಕುಡಿದ ನೀರೂ ಹೊಟ್ಟೆಯಲ್ಲಿ ಉಳಿಯದಿದ್ದರೆ ನಾಲ್ಕೈದು ದಿನವೂ ಕಾಯಬೇಡಿ. ಆ ಕೊಳವೆ ನಡುವೆ ಬಾಗುವ ಜಾಗದಲ್ಲಿ ಕಿರಿದಾಗಿರಬಹುದು. ಎಂಡೋಸ್ಕೋಪಿಯಲ್ಲಿ ಗೊತ್ತಾಗುತ್ತೆ, ಅದರಲ್ಲೇ ಬಲೂನ್ ಹಾಕಿ ಹಿಗ್ಗಿಸಬಹುದು. ಒಂದೇ ಸಲಕ್ಕೆ ಆಗದೆ ಎರಡು ಮೂರು ಸಲ ಬೇಕಾಗಬಹುದು. ಹಿಗ್ಗಿಸುವಾಗ ಹೊಟ್ಟೆಗೆ ತೂತಾಗುವ ಅಪಾಯ ಸ್ವಲ್ಪ ಇದೆ, ಅದಕ್ಕೇ ಈ ಕೆಲಸದಲ್ಲಿ ಕೈ ಪಳಗಿದವರ ಹತ್ತಿರ ಮಾಡಿಸಬೇಕು. ಅದೂ ಫಲ ಕೊಡದ ಕೆಲವರಿಗೆ ಸ್ಲೀವನ್ನು ಹೊಟ್ಟೆಯ ಬೈಪಾಸ್‌ಗೆ (ಊಟ ನೇರವಾಗಿ ಕರುಳಿಗೆ ಹೋಗುವಂತೆ ಮಾಡುವ ಆಪರೇಷನ್) ಬದಲಾಯಿಸಬೇಕಾಗುತ್ತೆ. ನೀವು ಈಗಲೇ ಅಷ್ಟು ದೂರ ಯೋಚಿಸೋದು ಬೇಡ.

ಪಿತ್ತಕೋಶದ ಕಲ್ಲೂ ನೋಡಿಸಬೇಕು. ತೂಕ ಬೇಗ ಇಳಿಯುವಾಗ, ಅದರಲ್ಲೂ ಮೊದಲ ಆರು ತಿಂಗಳಲ್ಲಿ, ಕಲ್ಲು ಕಟ್ಟೋದು ಸಾಮಾನ್ಯ. ಅದನ್ನು ತಡೆಯೋಕೆ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಅನ್ನುವ ಮಾತ್ರೆಯನ್ನು ಆರು ತಿಂಗಳು ಕೊಡುವುದುಂಟು. ನಿಮಗೆ ಬರೆದಿದ್ದರೋ ಇಲ್ಲವೋ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದ ಹಾಗೆ ನೋವು ಬಂದು ವಾಂತಿಯಾಗುತ್ತಿದ್ದರೆ ಒಂದು ಸ್ಕ್ಯಾನಿಂಗ್ ಮಾಡಿಸಿದರೆ ಗೊತ್ತಾಗುತ್ತೆ.

ಇನ್ನೊಂದು ಕಾರಣವನ್ನು ಮನೆಯವರೂ ಯೋಚಿಸೋದಿಲ್ಲ, ಕೆಲವು ಸಲ ನಾವೂ ಕೇಳೋದನ್ನು ಮರೆಯುತ್ತೇವೆ. ನೀವು ಮುಟ್ಟಿನ ಬಗ್ಗೆ ಏನೂ ಬರೆದಿಲ್ಲ. ಪಿಸಿಓಡಿ ಇದ್ದ ಅನೇಕರಿಗೆ ತೂಕ ಇಳಿದ ಹಾಗೆ ಅಂಡೋತ್ಪತ್ತಿ ಸರಿಹೋಗುತ್ತೆ. ವರ್ಷಾನುಗಟ್ಟಲೆ ಆಗದಿದ್ದ ಗರ್ಭ ಈಗ ತಟ್ಟನೆ ನಿಲ್ಲಬಹುದು. ‘ನನಗೆಲ್ಲಿ ಆಗುತ್ತೆ’ ಅಂತ ಸುಮ್ಮನಿರಬೇಡಿ. ಮೆಡಿಕಲ್ ಶಾಪಿನಲ್ಲಿ ಕಿಟ್ ತಂದು ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಬೇಡ ಅಂತ ಹೇಳುತ್ತೇವೆ, ಯಾಕೆಂದರೆ ಆಗ ತಾಯಿಗೇ ಪೌಷ್ಟಿಕಾಂಶ ಸಾಲದು. ಗರ್ಭ ನಿಂತಿದ್ದರೆ ಗಾಬರಿ ಬೇಡ. ಹೆರಿಗೆ ಡಾಕ್ಟರ್ ಮತ್ತು ಸರ್ಜನ್ ಇಬ್ಬರಿಗೂ ತಿಳಿಸಿ, ವಿಟಮಿನ್ ಕೊರತೆಯನ್ನು ಬೇಗ ತುಂಬಿಸಿಕೊಂಡು ಮುಂದುವರಿಸಿದವರು ಎಷ್ಟೋ ಜನ ಇದ್ದಾರೆ. ಬಿಪಿಗೆ ಟೆಲ್ಮಿಸಾರ್ಟನ್ ತರದ ಮಾತ್ರೆ ನುಂಗುತ್ತಿದ್ದರೆ ಮಾತ್ರ ಅದೇ ದಿನ ಡಾಕ್ಟರಿಗೆ ಹೇಳಿ, ಗರ್ಭಿಣಿಯರಿಗೆ ಅದು ಆಗೋದಿಲ್ಲ. ಗರ್ಭ ನಿಂತಿಲ್ಲದಿದ್ದರೆ ಕಾಪರ್-ಟಿ ಬಗ್ಗೆ ಯೋಚಿಸಿ. ವಾಂತಿ ಇರುವಾಗ ಗರ್ಭನಿರೋಧಕ ಗುಳಿಗೆಯನ್ನು ನಂಬೋಕಾಗೋದಿಲ್ಲ.

ಬಿಪಿ ಮಾತ್ರೆ ಅಂದ ಮೇಲೆ ತಲೆಸುತ್ತಿನ ವಿಷಯವೂ ಅದೇ. 112 ಕೆಜಿ ಇದ್ದಾಗ ಬರೆದ ಡೋಸನ್ನೇ 90 ಕೆಜಿಗೂ ನುಂಗುತ್ತಿದ್ದೀರಾ? ತೂಕ ಇಳಿದ ಹಾಗೆ ಬಿಪಿಯೂ ಇಳಿಯುತ್ತೆ, ಜೊತೆಗೆ ನೀವು ನೀರು ಕುಡಿಯೋದು ಕಡಿಮೆ ಆಗಿರಬಹುದು. ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಿಸಿ, ಡೋಸ್ ಇಳಿಸಿಸಿಕೊಳ್ಳಿ. ನೀವಾಗಿ ನಿಲ್ಲಿಸಬೇಡಿ. ಶುಗರ್ ಇರುವ ಓದುಗರಿಗೂ ಇದೇ ಮಾತು. ಆಪರೇಷನ್ ಆದ ವಾರದಲ್ಲೇ ಶುಗರ್ ಇಳಿಯೋಕೆ ಶುರುವಾಗುತ್ತೆ. ಹಳೇ ಡೋಸಿನಲ್ಲಿ ಇನ್ಸುಲಿನ್, ಗ್ಲಿಮೆಪಿರೈಡ್ ಮುಂದುವರಿಸಿದರೆ ಶುಗರ್ ಡೌನ್ ಆಗಿ ಬೀಳುತ್ತಾರೆ.

ಸರಿ, ಈಗ ಕೂದಲು. ಇಷ್ಟು ಹೊತ್ತು ಕಾದಿದ್ದೀರಿ.

ಉದುರಿದ ಕೂದಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನನ್ನ ಹತ್ತಿರ ಬರುವವರಿದ್ದಾರೆ. ಒಂದು ಕೂದಲು ಎತ್ತಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು ಕಾಣುತ್ತೆ. ‘ನೋಡಿ ಸಾರ್, ಬೇರು ಸಮೇತ ಬಂದುಬಿಟ್ಟಿದೆ’ ಅಂತ ಅಳುತ್ತಾರೆ. ಅದು ಬೇರಲ್ಲ. ಬೆಳೆಯೋದು ಮುಗಿಸಿ ವಿಶ್ರಾಂತಿಗೆ ಹೋದ ಕೂದಲಿನ ತುದಿ ಹಾಗೇ ಇರುತ್ತೆ. ಬೇರು ನೆತ್ತಿಯ ಚರ್ಮದ ಒಳಗೇ ಇದೆ, ಹೊಸ ಕೂದಲು ಕಳಿಸೋಕೆ ಅದಕ್ಕೆ ಏನೂ ತೊಂದರೆ ಇಲ್ಲ.

ಎಲ್ಲರ ತಲೆಯಲ್ಲೂ ಸುಮಾರು ಹತ್ತರಲ್ಲಿ ಒಂದು ಕೂದಲು ಯಾವಾಗಲೂ ವಿಶ್ರಾಂತಿಯಲ್ಲಿ ಇರುತ್ತೆ. ದಿನಕ್ಕೆ 50ರಿಂದ 100 ಉದುರೋದು ಮಾಮೂಲು. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಆಪರೇಷನ್, ಹೆರಿಗೆ, ಟೈಫಾಯ್ಡ್, ಡೆಂಗ್ಯೂ, ಇಲ್ಲಾ ಹೀಗೆ ವೇಗವಾಗಿ ತೂಕ ಇಳಿದಾಗ, ಒಟ್ಟೊಟ್ಟಿಗೆ ತುಂಬಾ ಕೂದಲು ವಿಶ್ರಾಂತಿಗೆ ಹೋಗಿಬಿಡುತ್ತೆ. ಅವು ಉದುರೋದು ಎರಡು ಮೂರು ತಿಂಗಳು ಬಿಟ್ಟು. ಅದಕ್ಕೇ ಮೊದಲೆರಡು ತಿಂಗಳು ಚೆನ್ನಾಗಿದ್ದು ಈಗ ಶುರುವಾಗಿದೆ. ಆರರಿಂದ ಒಂಬತ್ತನೇ ತಿಂಗಳಿನ ಹೊತ್ತಿಗೆ ಹೆಚ್ಚಿನವರಿಗೆ ನಿಲ್ಲುತ್ತೆ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯೋದರಿಂದ ಜಡೆ ಮೊದಲಿನ ದಪ್ಪಕ್ಕೆ ಬರೋಕೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕು.

ಈರುಳ್ಳಿ ರಸದಿಂದ ವಾಸನೆ ಬಿಟ್ಟು ಬೇರೇನೂ ಆಗಿರಲಾರದು. ಬಯೋಟಿನ್, ಅದರ ಕೊರತೆ ಇದ್ದವರಿಗೆ ಮಾತ್ರ ಉಪಯೋಗ. ಜಾಸ್ತಿ ಡೋಸಿನ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನು ಏರುಪೇರು ಮಾಡುತ್ತೆ, ಹಾಗಾಗಿ ರಕ್ತ ಕೊಡುವ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ತಿರುಪತಿಗೆ ಹರಕೆ ಇದ್ದರೆ ಮುಡಿ ಕೊಡಿ, ಅದು ನಿಮಗೂ ದೇವರಿಗೂ ಬಿಟ್ಟಿದ್ದು. ಬೋಳಿಸಿದರೆ ದಟ್ಟವಾಗಿ ಬರುತ್ತೆ ಅನ್ನೋದು ಮಾತ್ರ ಸುಳ್ಳು. ಕೂದಲು ಬೆಳೆಯೋಕೆ ಹಚ್ಚುವ ಮಿನಾಕ್ಸಿಡಿಲ್ ಔಷಧಿ ನಿಮಗೆ ಸದ್ಯಕ್ಕೆ ಬೇಡ. ಶುರುವಿನಲ್ಲಿ ಅದೇ ಇನ್ನಷ್ಟು ಉದುರಿಸಬಹುದು, ಗರ್ಭ ಇದೆಯೋ ಇಲ್ಲವೋ ಗೊತ್ತಾಗುವ ತನಕ ಅಂತೂ ಮುಟ್ಟಬೇಡಿ. ವರ್ಷ ಕಳೆದರೂ ಉದುರುತ್ತಿದ್ದರೆ ಅಥವಾ ನಾಣ್ಯದಷ್ಟು ಬೋಳು ಜಾಗ ಕಂಡರೆ ಆಗ ಚರ್ಮದ ಡಾಕ್ಟರ್.

ಕೂದಲಿಗೂ ತೂಕಕ್ಕೂ ನಿಜವಾಗಿ ಬೇಕಾಗಿರೋದು ಪ್ರೋಟೀನ್. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ. ಇಲ್ಲಿ ನಮ್ಮವರ ನಂಬಿಕೆ ಎಲ್ಲಾ ರಾಗಿ ಗಂಜಿಯ ಮೇಲೆ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಒಪ್ಪಿದೆ. ಪ್ರೋಟೀನ್ 100 ಗ್ರಾಂ ಹಿಟ್ಟಿಗೆ ಸುಮಾರು 7 ಗ್ರಾಂ ಅಷ್ಟೇ. ಎರಡು ಚಮಚ ಹಿಟ್ಟು ಕದಡಿದ ಲೋಟ ಗಂಜಿಯಲ್ಲಿ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಹುರುಳಿ ಬಸ್ಸಾರಿನ ಕಟ್ಟು ಕುಡಿದು ಕಾಳು ಮಕ್ಕಳಿಗೆ ಹಾಕುವವರೂ ಇದ್ದಾರೆ. ಪ್ರೋಟೀನ್ ಇರೋದು ಕಾಳಿನಲ್ಲಿ. ಅದನ್ನು ಮೆತ್ತಗೆ ಬೇಯಿಸಿ ಮಸೆದು ನೀವು ತಿನ್ನಿ, ಕಟ್ಟು ಅವರು ಕುಡಿಯಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಎಂಎಲ್ ಹಾಲಿನಲ್ಲಿ 6ರಿಂದ 7, 100 ಗ್ರಾಂ ಪನೀರಿನಲ್ಲಿ ಸುಮಾರು 18. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುತ್ತಿದ್ದರೆ ಮೊಸರಿಗೆ ಬನ್ನಿ, ಆಪರೇಷನ್ ಆದ ಮೇಲೆ ಕೆಲವರಿಗೆ ಹಾಲು ಒಗ್ಗೋದಿಲ್ಲ. ಸದ್ಯ ಗಟ್ಟಿ ಸೇರದ ಕಾರಣ ಸಕ್ಕರೆ ಹಾಕದ ವೇ ಪ್ರೋಟೀನ್ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್) ಒಂದೆರಡು ತಿಂಗಳಿಗೆ ಒಳ್ಳೆಯದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳದೆ ಶುರುಮಾಡಬಾರದು.

ತೂಕ ನಿಂತಿದ್ದಕ್ಕೂ ಇಲ್ಲೇ ಉತ್ತರ ಇದೆ. ಮುದ್ದೆ, ಮೊಟ್ಟೆ ತಡೆಯುವ ಕೊಳವೆಯಲ್ಲಿ ಟೀಯಲ್ಲಿ ನೆನೆದ ರಸ್ಕು ಜಾರಿಕೊಂಡು ಹೋಗುತ್ತೆ. ಹೊಟ್ಟೆ ತುಂಬಿದ್ದೇ ಗೊತ್ತಾಗೋದಿಲ್ಲ, ದಿನಕ್ಕೆ ಎಷ್ಟು ಹೋಯಿತು ಅನ್ನೋ ಲೆಕ್ಕವೂ ಇರೋದಿಲ್ಲ. ಅದಿಲ್ಲದೆಯೂ ನಡುನಡುವೆ ತೂಕ ಒಂದೆರಡು ವಾರ ನಿಂತು ಮುಂದೆ ಹೋಗೋದು ಎಲ್ಲರಿಗೂ ಆಗುತ್ತೆ. ನಾಲ್ಕು ತಿಂಗಳಲ್ಲಿ 22 ಕೆಜಿ ಒಳ್ಳೆಯ ಇಳಿಕೆಯೇ. ದಿನಾ ತೂಕದ ಮೆಷಿನ್ ಹತ್ತಬೇಡಿ. ಚಳಿಗೆ ಕಾರಣ ಚರ್ಮದ ಕೆಳಗಿನ ಕೊಬ್ಬು ಕರಗಿರೋದು, ಊಟ ಕಡಿಮೆಯಾಗಿ ಮೈ ಬಿಸಿ ಉಳಿಸಿಕೊಳ್ಳೋದು ಕಷ್ಟವಾಗಿರೋದು. ಸ್ವೆಟರ್ ಹಾಕಿಕೊಳ್ಳಿ. ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ.

ಅಳು ಬರೋದರ ಬಗ್ಗೆ. ಆಪರೇಷನ್ ಆದ ಮೇಲೆ ‘ಯಾಕಾದ್ರೂ ಮಾಡಿಸಿಕೊಂಡೆನೋ’ ಅನ್ನಿಸೋದು ಬಹಳ ಜನರಿಗೆ ಇದೆ, ಹೇಳಿಕೊಳ್ಳೋರು ಕಡಿಮೆ. ಬೇಜಾರಾದಾಗ ತಿಂದು ಸಮಾಧಾನ ಮಾಡಿಕೊಳ್ಳುತ್ತಿದ್ದ ದಾರಿ ಮುಚ್ಚಿದೆ. ಹಾರ್ಮೋನುಗಳೂ ಏರುಪೇರಾಗುತ್ತವೆ. ಊರಿನ ಮಾತು ಬೇರೆ. ನಮ್ಮ ಕಡೆ ದಪ್ಪ ಇದ್ದರೆ ‘ಚೆನ್ನಾಗಿದ್ದಾಳೆ’, ಸಣ್ಣಗಾದರೆ ‘ಏನಮ್ಮ, ಶುಗರ್ರಾ? ಟಿಬಿನಾ?’ ಮದುವೆ ಮನೆಯಲ್ಲಿ ನಾಲ್ಕು ಜನ ಇದನ್ನೇ ಕೇಳಿದರೆ ಯಾರಿಗಾದರೂ ಕಣ್ಣು ತುಂಬುತ್ತೆ. ಎಲ್ಲರಿಗೂ ಆಪರೇಷನ್ ಕತೆ ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ, ಅಂದರೆ ನಿಮ್ಮ ಅತ್ತೆಗೆ, ಗೊತ್ತಿರಲೇಬೇಕು. ಮುಂದಿನ ಸಲ ಡಾಕ್ಟರ್ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ನೆಪ, ಡಾಕ್ಟರ್ ಹೇಳಿದರೆ ಪಥ್ಯ, ಅಲ್ವಾ? ಅಳು ವಾರಗಟ್ಟಲೆ ನಿಲ್ಲದಿದ್ದರೆ, ನಿದ್ದೆ ಹೋದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು.

ಆಪರೇಷನ್ ಮೊದಲಿನಂತೆ ಮಾಡಿಸುವ ಪ್ರಶ್ನೆ. ಸ್ಲೀವ್‌ನಲ್ಲಿ ಕತ್ತರಿಸಿದ ಹೊಟ್ಟೆಯ ಭಾಗವನ್ನು ದೇಹದಿಂದ ಹೊರಗೇ ತೆಗೆದಿರುತ್ತಾರೆ, ವಾಪಸ್ ಜೋಡಿಸೋಕೆ ಏನೂ ಉಳಿದಿಲ್ಲ. ನಿಮ್ಮ ತೊಂದರೆಗಳಿಗೆ ಅದರ ಅಗತ್ಯವೂ ಇಲ್ಲ. ಹೊಲಿಗೆ ಬಿಚ್ಚಿಕೊಳ್ಳುತ್ತೆ ಅನ್ನೋ ಭಯವಿದ್ದರೆ ಅದನ್ನೂ ಬಿಡಿ. ಸೋರಿಕೆ ಆಗೋದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಆಗುತ್ತೆ. ಹಾಗಿದ್ದರೂ ಯಾವಾಗಲಾದರೂ ಜ್ವರ, ವಿಪರೀತ ಹೊಟ್ಟೆನೋವು, ನಾಡಿಬಡಿತ 120 ದಾಟೋದು, ಉಸಿರು ಕಟ್ಟೋದು, ಒಂದೇ ಕಾಲಿನ ಮೀನಖಂಡ ಊದೋದು, ಕರಿ ಮಲ, ಎರಡೆರಡು ಕಾಣೋದು ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ ದೊಡ್ಡಾಸ್ಪತ್ರೆಗೆ ಹೋಗಿ.

ನಾಳೆ ಹೋದಾಗ ಅಂತ ಬೇಡ, ಇವತ್ತು ಹೋದಾಗಲೇ ರಕ್ತಕ್ಕೆ ಕೊಡಿ: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಆಲ್ಬುಮಿನ್, ಥೈರಾಯ್ಡ್. ವಾಂತಿ ಹತೋಟಿಗೆ ಬಂದ ಮೇಲೆ ಬರೆದುಕೊಟ್ಟ ವಿಟಮಿನ್‌ಗಳನ್ನು ಮತ್ತೆ ಶುರುಮಾಡಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ಗಂಟೆ ಇರಲಿ, ಕಬ್ಬಿಣದ ಜೊತೆ ಟೀ ಬೇಡ. ತಲೆನೋವು, ಸೊಂಟನೋವು ಅಂತ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗಬೇಡಿ, ಹುಣ್ಣಾಗುತ್ತೆ. ಪ್ಯಾರಾಸಿಟಮಾಲ್ ಸಾಕು. ಆರನೇ ತಿಂಗಳು, ವರ್ಷ ತುಂಬಿದಾಗ, ಆಮೇಲೆ ಪ್ರತಿ ವರ್ಷ ಇದೇ ರಕ್ತ ಪರೀಕ್ಷೆ. ಬೆಂಗಳೂರಿಗೆ ಹೋಗೋಕೆ ರಜ ಸಿಗದಿದ್ದರೆ ಚಿಂತಾಮಣಿಯಲ್ಲೇ ರಕ್ತ ಕೊಟ್ಟು, ರಿಪೋರ್ಟನ್ನು ಸರ್ಜನ್ನಿಗೆ ವಾಟ್ಸಾಪ್ ಮಾಡಿ.